ಬೆಲೆ ಏರಿದಂತೆ ವಿಸ್ಕಿಯ ರುಚಿಯೂ ಏರುತ್ತದೆಯೇ?

ನಿಧಾನಗುಟುಕು (ಪ್ರಶ್ನೆ):

ನಮಸ್ಕಾರ. ಕೆಲವು ತಿಂಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಬಲ್ಲವರ ಮುಂದಿಡುತ್ತಿದ್ದೇನೆ. ನಾನು ನಿವೃತ್ತನಾದಾಗ ಸಹೋದ್ಯೋಗಿಗಳೆಲ್ಲ ಸೇರಿ 25 ವರ್ಷ ಮಾಗಿದ ಸ್ಕಾಚ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮೊಳೆಸಿದ ಬಾರ್ಲಿಯಿಂದಲೇ ತಯಾರಿಸಿದ ವಿಸ್ಕಿ) ಬಾಟಲಿಯೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದೇ ಡಿಸ್ಟಿಲರಿಯ 12 ವರ್ಷದ ವಿಸ್ಕಿಯನ್ನು ನಾನು ಬಹಳ ಕಾಲದಿಂದ, ವಾರಕ್ಕೊಮ್ಮೆ ಸಣ್ಣ ಅಳತೆಯಲ್ಲಿ, ಆಸ್ವಾದಿಸುತ್ತ ಬಂದವನು. ಉಡುಗೊರೆಯ ಬಾಟಲಿಯ ಬೆಲೆ ಅದರ ಏಳೆಂಟು ಪಟ್ಟು ಎಂದು ಆಮೇಲೆ ತಿಳಿಯಿತು.

ಮೊದಲ ದಿನ ಅದನ್ನು ತೆರೆದಾಗ ನನಗೂ ನನ್ನ ಗೆಳೆಯನಿಗೂ ಅದು ಅಪೂರ್ವವೆನಿಸಿತು. ಒಣದ್ರಾಕ್ಷಿ, ಹಳೆಯ ಮರದ ಪೆಟ್ಟಿಗೆ, ಜೇನುಮೇಣ ಎಂದೆಲ್ಲ ವಾಸನೆಗಳಿಗೆ ಹೆಸರು ಕೊಡುತ್ತ ಒಂದು ಗಂಟೆ ಕಳೆದೆವು. ಆದರೆ ಎರಡು ವಾರದ ನಂತರ ನನ್ನ ತಮ್ಮನ ಮಗ, ನನಗೆ ಹೇಳದೆಯೇ, 12 ವರ್ಷದ್ದನ್ನೂ 25 ವರ್ಷದ್ದನ್ನೂ ಎರಡು ಗ್ಲಾಸುಗಳಿಗೆ ಬಗ್ಗಿಸಿ ತಂದು, ಯಾವುದು ಹೆಚ್ಚು ಹಿಡಿಸಿತೆಂದು ಕೇಳಿದ. ನಾನು ತಡವರಿಸದೆ ಎಡಗಡೆಯದನ್ನು ತೋರಿಸಿದೆ. ಅದು 12 ವರ್ಷದ್ದಾಗಿತ್ತು.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಇಷ್ಟೇ: ಮೊದಲ ದಿನ ನಾನು ಸವಿದದ್ದು ವಿಸ್ಕಿಯನ್ನೋ, ಅದರ ಬೆಲೆಯನ್ನೋ? ದುಬಾರಿ ಮದ್ಯದಲ್ಲಿ ನಿಜಕ್ಕೂ ಹೆಚ್ಚಿನ ರುಚಿಯಿದ್ದು, ಅದನ್ನು ಗುರುತಿಸುವಷ್ಟು ನನ್ನ ನಾಲಗೆ ಪಳಗಿಲ್ಲವೆಂದು ತಿಳಿಯಬೇಕೇ, ಅಥವಾ ಆ ಹೆಚ್ಚಿನ ಹಣ ಗ್ಲಾಸಿನೊಳಗೆ ಇಲ್ಲದ ಯಾವುದಕ್ಕೋ ಸಲ್ಲುತ್ತದೆಯೇ? ವೋಡ್ಕಾ, ಫ್ರಾನ್ಸಿನ ಬ್ರಾಂದಿಯಾದ ಕೋನ್ಯಾಕ್ ಮುಂತಾದವುಗಳ ಕತೆಯೂ ಇದೇ ಆಗಿದೆಯೇ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಪೀಪಾಯಿ:

ನಾನು ಹಲವು ವರ್ಷ ಮಾಲ್ಟ್ ವಿಸ್ಕಿ ತಯಾರಿಕೆಯಲ್ಲಿ, ಮುಖ್ಯವಾಗಿ ಪೀಪಾಯಿಗಳ ಉಗ್ರಾಣದಲ್ಲಿ, ಕೆಲಸ ಮಾಡಿದವನು. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ಒಂದು ವಿಸ್ಕಿ ಏಕೆ ದುಬಾರಿಯಾಗುತ್ತದೆ ಮತ್ತು ಆ ಕಾರಣಗಳಲ್ಲಿ ಯಾವುವು ದ್ರವದೊಳಗೆ ಇಳಿಯುತ್ತವೆ ಎಂಬಲ್ಲಿಂದ ಆರಂಭಿಸುತ್ತೇನೆ.

ಮೊದಲನೆಯದು ಕಾಲ. ಸ್ಕಾಚ್ ಎನಿಸಿಕೊಳ್ಳಬೇಕಾದರೆ ಅದು ಸ್ಕಾಟ್ಲೆಂಡಿನಲ್ಲೇ, 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ, ಕನಿಷ್ಠ 3 ವರ್ಷ ಮಾಗಬೇಕು. ಬಾಟಲಿಯ ಮೇಲಿನ ಅಂಕಿ ಅದರಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ಹೊಸ ಮದ್ಯವನ್ನು ಸಾಮಾನ್ಯವಾಗಿ ಶೇಕಡಾ 63.5ರ ತೀವ್ರತೆಗೆ ತಂದು ಪೀಪಾಯಿಗೆ ತುಂಬುತ್ತಾರೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಸರಿಸುಮಾರು ಶೇಕಡಾ 2ರಷ್ಟು ಮರದ ಮೂಲಕ ಆವಿಯಾಗಿ ಹೋಗುತ್ತದೆ. ಇದಕ್ಕೆ ದೇವದೂತರ ಪಾಲು ಎಂಬ ಹೆಸರಿದೆ. ಈ ಲೆಕ್ಕದಲ್ಲಿ 12 ವರ್ಷಕ್ಕೆ ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು, 25 ವರ್ಷಕ್ಕೆ ಐದರಲ್ಲಿ ಎರಡು ಪಾಲು ಗಾಳಿಗೆ ಸೇರಿರುತ್ತದೆ. ಉಳಿದದ್ದು ಅಷ್ಟು ವರ್ಷ ಉಗ್ರಾಣದ ಜಾಗವನ್ನು ಹಿಡಿದಿರುತ್ತದೆ, ಅದರಲ್ಲಿ ಹೂಡಿದ ಹಣವೂ ಅಲ್ಲೇ ಕೂತಿರುತ್ತದೆ. ಹಳೆಯ ವಿಸ್ಕಿಯ ಬೆಲೆಯಲ್ಲಿ ಇದರದು ನ್ಯಾಯವಾದ ಪಾಲು.

ಆದರೆ ಕಾಲ ಕಳೆದಂತೆ ರುಚಿ ಒಂದೇ ದಿಕ್ಕಿನಲ್ಲಿ ಏರುತ್ತ ಹೋಗುವುದಿಲ್ಲ ಎಂಬುದನ್ನು ಉಗ್ರಾಣದಲ್ಲಿ ದುಡಿದ ಎಲ್ಲರೂ ಒಪ್ಪುತ್ತಾರೆ. ಓಕ್ ಮರದ ಲಿಗ್ನಿನ್ ಒಡೆದು ವೆನಿಲಿನ್ ಬರುತ್ತದೆ. ಓಕ್ ಲ್ಯಾಕ್ಟೋನ್ ಎಂಬ ಪದಾರ್ಥ ತೆಂಗಿನ ಪರಿಮಳವನ್ನು ಕೊಡುತ್ತದೆ. ಪೀಪಾಯಿಯ ಒಳಮೈಯನ್ನು ಸುಟ್ಟು ಕರಕಾಗಿಸಿದ್ದರೆ ಆ ಇದ್ದಿಲ ಪದರವು ಹೊಸ ಮದ್ಯದ ಗಂಧಕದ ಕಮಟನ್ನು ಹೀರಿಕೊಳ್ಳುತ್ತದೆ. ಇವೆಲ್ಲವೂ ಹಿತವಾದ ಬದಲಾವಣೆಗಳೇ. ಅದರ ಜೊತೆಗೇ ಟ್ಯಾನಿನ್ ಕೂಡ ಇಳಿಯುತ್ತಿರುತ್ತದೆ, ಮತ್ತು ಟ್ಯಾನಿನ್ ಎಂದರೆ ಒಗರು. ಚುರುಕಾದ ಪೀಪಾಯಿಯಲ್ಲಿ ಹೆಚ್ಚು ವರ್ಷ ಬಿಟ್ಟರೆ, ಬಾರ್ಲಿಯಿಂದಲೂ ಹುದುಗಿನಿಂದಲೂ ಬಂದ ಹಣ್ಣಿನಂಥ ನವಿರು ಪರಿಮಳಗಳು ಮರದ ಅಡಿ ಹೂತುಹೋಗುತ್ತವೆ. ನಮ್ಮ ಉಗ್ರಾಣದಲ್ಲಿ 14ನೆಯ ವರ್ಷದಲ್ಲಿ ಎಲ್ಲರೂ ತಲೆದೂಗಿದ ಒಂದು ಪೀಪಾಯಿ, 20ನೆಯ ವರ್ಷದ ಹೊತ್ತಿಗೆ ಹಲಗೆ ನೆಕ್ಕಿದಂತಾಗಿತ್ತು. ಅದನ್ನು ಆ ಮೊದಲೇ ತೆಗೆಯಬೇಕಾಗಿತ್ತು.

ಎರಡನೆಯದು ಪೀಪಾಯಿಯೇ. ಅಮೆರಿಕದ ನಿಯಮದಂತೆ ಬರ್ಬನ್ ಎಂಬ ಅಲ್ಲಿನ ವಿಸ್ಕಿ ಪ್ರತಿ ಸಲವೂ ಹೊಸದಾದ, ಒಳಗೆ ಸುಟ್ಟ ಓಕ್ ಪೀಪಾಯಿಯಲ್ಲೇ ಇರಬೇಕಾದ್ದರಿಂದ, ಒಮ್ಮೆ ಬಳಸಿದ ಪೀಪಾಯಿಗಳು ಹೇರಳವಾಗಿ ಸ್ಕಾಟ್ಲೆಂಡಿಗೆ ಬರುತ್ತವೆ. ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿಸಿ ಪಳಗಿಸಿದ ಪೀಪಾಯಿ ಅದಕ್ಕಿಂತ ಹಲವು ಪಟ್ಟು ದುಬಾರಿ. ಈ ವೆಚ್ಚ ಖಂಡಿತವಾಗಿಯೂ ರುಚಿಯಲ್ಲಿ ಕಾಣುತ್ತದೆ, ಏಕೆಂದರೆ ಒಣಹಣ್ಣಿನ ಸಿಹಿ, ಮಸಾಲೆಯ ಬಿಸುಪು ಬರುವುದು ಅಲ್ಲಿಂದಲೇ. ಅದು ನಿಮಗೆ ಇಷ್ಟವೋ ಅಲ್ಲವೋ ಎಂಬುದು ಬೇರೆ ಮಾತು.

ಮೂರನೆಯದನ್ನು ಗ್ರಾಹಕರು ಗಮನಿಸುವುದೇ ಕಡಿಮೆ. ಬಟ್ಟಿ ಇಳಿಸುವಾಗ ಮೊದಲು ಬರುವ ಘಾಟಿನ ಭಾಗವನ್ನೂ ಕೊನೆಗೆ ಬರುವ ಎಣ್ಣೆಯಂಥ ಜಡ ಭಾಗವನ್ನೂ ಬೇರ್ಪಡಿಸಿ, ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಆ ನಡುಭಾಗವನ್ನು ಎಷ್ಟು ಕಿರಿದಾಗಿ ಕತ್ತರಿಸುತ್ತೀರಿ ಎಂಬುದರ ಮೇಲೆ ಮದ್ಯದ ಸ್ವಭಾವ ನಿಲ್ಲುತ್ತದೆ. ಕಿರಿದಾಗಿ ಕತ್ತರಿಸಿದರೆ ಸಿಗುವ ಪ್ರಮಾಣ ಕಡಿಮೆ, ಖರ್ಚು ಹೆಚ್ಚು. ನನ್ನ ಮಟ್ಟಿಗೆ ಅತಿ ಪ್ರಾಮಾಣಿಕವಾದ ಖರ್ಚು ಇದೇ, ಆದರೆ ಅದನ್ನು ಲೇಬಲ್ಲಿನ ಮೇಲೆ ಯಾರೂ ಬರೆಯುವುದಿಲ್ಲ.

ಹಾಗಾಗಿ ನಿಮ್ಮ ನಾಲಗೆಯನ್ನು ದೂರಬೇಡಿ. 12 ಮತ್ತು 25 ವರ್ಷದವು ಒಂದೇ ಏಣಿಯ ಎರಡು ಮೆಟ್ಟಿಲುಗಳಲ್ಲ, ಎರಡು ಬೇರೆ ಪಾನೀಯಗಳು ಎಂದು ತಿಳಿದರೆ ನಿಮ್ಮ ಆಯ್ಕೆಯಲ್ಲಿ ವಿಚಿತ್ರವೇನೂ ಇಲ್ಲ.

ಬೆಳಗಿನಮಂಜು:

ಪೀಪಾಯಿ ಅವರ ಮಾತಿಗೆ ಒಂದು ಚಿಕ್ಕ ಸೇರ್ಪಡೆ. ಗಾಢವಾದ ಬಣ್ಣವನ್ನು ಕಂಡು ಮೋಸಹೋಗಬೇಡಿ. ಸ್ಕಾಚ್‌ಗೆ ಬಣ್ಣಕ್ಕಾಗಿ ಇ150ಎ ಎಂಬ ಕ್ಯಾರಮೆಲ್ ಸೇರಿಸಲು ಅನುಮತಿಯಿದೆ. ಬರ್ಬನ್‌ಗೆ ಆ ಅನುಮತಿ ಇಲ್ಲ. ಬೆಲೆಗಿಂತ ಮೊದಲು ಆಲ್ಕೋಹಾಲಿನ ಪ್ರಮಾಣವನ್ನು ನೋಡುವುದು ಒಳ್ಳೆಯದು. ಶೇಕಡಾ 46 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮುಂದೆ ವಿಸ್ಕಿ ಮಬ್ಬಾಗದಿರಲೆಂದು ಮೊದಲೇ ತಣ್ಣಗಾಗಿಸಿ ಸೋಸುವ ಅಗತ್ಯ ಬೀಳುವುದಿಲ್ಲ, ಮತ್ತು ಬಾಯಿಗೆ ಮೈದುಂಬಿದ ಅನುಭವ ಕೊಡುವ ಕೊಬ್ಬಿನಾಮ್ಲಗಳೂ ಅವುಗಳ ಎಸ್ಟರ್‌ಗಳೂ ಅಲ್ಲೇ ಉಳಿಯುತ್ತವೆ. ಇಂಥ ಬಾಟಲಿಗಳಲ್ಲಿ ಎಷ್ಟೋ ಮಧ್ಯಮ ಬೆಲೆಯವೇ ಆಗಿವೆ.

ಅಳತೆಗೋಲು:

ಪ್ರಶ್ನೆ ಕೇಳಿದವರ ಮೊದಲ ದಿನದ ಅನುಭವವನ್ನು ಯಾರೂ ಎತ್ತಿಕೊಳ್ಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಆಹಾರ ಪದಾರ್ಥಗಳ ಇಂದ್ರಿಯ ಪರೀಕ್ಷೆಯ ಕ್ಷೇತ್ರದವಳು. ರುಚಿಯ ಮೇಲೆ ಬೆಲೆಯ ಪ್ರಭಾವವನ್ನು ನೇರವಾಗಿ ಅಳೆದ ಪ್ರಯೋಗಗಳಿವೆ. ಅವುಗಳಲ್ಲಿ ಪ್ರಸಿದ್ಧವಾದವು ವೈನಿನ ಮೇಲೆ ನಡೆದವು, ಆದರೂ ಇಲ್ಲಿಗೆ ಅನ್ವಯಿಸುತ್ತವೆ.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು 20 ಮಂದಿಯನ್ನು ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ನಳಿಕೆಯ ಮೂಲಕ ವೈನ್ ಕುಡಿಸಿದರು. ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿದರು. ಬೆಲೆ ಹೆಚ್ಚೆಂದು ಕೇಳಿದಾಗ ಅವರು ಹೆಚ್ಚು ಅಂಕ ಕೊಟ್ಟರು. ಅಷ್ಟೇ ಆಗಿದ್ದರೆ ಅದನ್ನು ಮರ್ಯಾದೆಗೆ ಕೊಟ್ಟ ಅಂಕವೆನ್ನಬಹುದಿತ್ತು, ಆದರೆ ಅನುಭವದ ಹಿತವನ್ನು ದಾಖಲಿಸುತ್ತದೆಂದು ತಿಳಿಯಲಾದ ಮಿದುಳಿನ ಮುಂಭಾಗದ ಒಂದು ಪ್ರದೇಶದಲ್ಲಿ ಚಟುವಟಿಕೆಯೂ ಏರಿತ್ತು. ನಾಲಗೆಯ ಮೂಲ ಸಂವೇದನೆಯನ್ನು ಗ್ರಹಿಸುವ ಭಾಗದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಕೆಲವು ವಾರಗಳ ನಂತರ ಬೆಲೆ ಹೇಳದೆ ಅದೇ ವೈನುಗಳನ್ನು ಕೊಟ್ಟಾಗ ಅಂಕಗಳ ಆ ಅಂತರವೂ ಇರಲಿಲ್ಲ. ಅಂದರೆ ನೀವೂ ನಿಮ್ಮ ಗೆಳೆಯರೂ ಮೊದಲ ದಿನ ಪಟ್ಟ ಸಂತೋಷ ನಟನೆಯಲ್ಲ. ಆದರೆ ಅದರ ಮೂಲ ಪೂರ್ತಿಯಾಗಿ ಗ್ಲಾಸಿನಲ್ಲಿ ಇರಲಿಲ್ಲ.

ಅದೇ ವರ್ಷ ರಾಬಿನ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು, ಬಾಟಲಿಯ ಗುರುತು ಮರೆಮಾಡಿ ನಡೆಸಿದ 6,000ಕ್ಕೂ ಹೆಚ್ಚು ರುಚಿನೋಟಗಳ ಫಲಿತಾಂಶವನ್ನು ಪ್ರಕಟಿಸಿದರು. ತರಬೇತಿ ಇಲ್ಲದವರು ದುಬಾರಿ ವೈನನ್ನು ಅಗ್ಗದ್ದಕ್ಕಿಂತ ತುಸು ಕಡಿಮೆಯೇ ಮೆಚ್ಚಿದ್ದರು. ತರಬೇತಿ ಪಡೆದವರಲ್ಲಿ ಮಾತ್ರ ಬೆಲೆಗೂ ಮೆಚ್ಚುಗೆಗೂ ಅಂಥ ವಿರೋಧ ಕಾಣಲಿಲ್ಲ. ಇದರಿಂದ ಪಳಗಿದ ನಾಲಗೆಯೇ ಶ್ರೇಷ್ಠವೆಂದು ತೀರ್ಮಾನಿಸುವುದಕ್ಕೆ ನಾನು ಸಿದ್ಧಳಿಲ್ಲ. ಯಾವುದನ್ನು ಮೆಚ್ಚಬೇಕೆಂಬುದನ್ನೂ ತರಬೇತಿಯೇ ಕಲಿಸುತ್ತದೆ.

ವಿಸ್ಕಿಯಲ್ಲೇ ಇದಕ್ಕೆ ಒಂದು ಕಣ್ತೆರೆಸುವ ಘಟನೆ ಇದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಅತಿಥಿಯೊಬ್ಬರು 1878ರದೆನ್ನಲಾದ ಮೆಕಾಲನ್ ವಿಸ್ಕಿಯ ಒಂದೇ ಸಣ್ಣ ಅಳತೆಗೆ ಸುಮಾರು 10,000 ಫ್ರಾಂಕ್ ಕೊಟ್ಟರು. ಬಳಿಕ ವಿಕಿರಣ ಇಂಗಾಲದ ಪರೀಕ್ಷೆಯಲ್ಲಿ ಅದು ಬಹುತೇಕ 1970ರಿಂದ 1972ರ ನಡುವಿನದೆಂದೂ, ಸಿಂಗಲ್ ಮಾಲ್ಟ್ ಅಲ್ಲದೆ ಧಾನ್ಯದ ವಿಸ್ಕಿ ಬೆರೆಸಿದ್ದೆಂದೂ ಗೊತ್ತಾಗಿ, ಹೋಟೆಲಿನವರು ಹಣ ಹಿಂದಿರುಗಿಸಿದರು. ಮರುವರ್ಷ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ನಕಲಿಯಾಗಿದ್ದವು. ನಕಲಿಯನ್ನು ಹಿಡಿಯಲು ಪ್ರಯೋಗಾಲಯ ಬೇಕಾಯಿತು ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ನಿಮ್ಮ ತಮ್ಮನ ಮಗ ಮಾಡಿದ ಪರೀಕ್ಷೆ ಸದುದ್ದೇಶದ್ದಾದರೂ ಸಾಲದು. ಒಂದೇ ಸಲ ಎರಡರಲ್ಲಿ ಒಂದನ್ನು ತೋರಿಸುವುದು ನಾಣ್ಯ ಚಿಮ್ಮಿದ ಹಾಗೆ. ತ್ರಿಕೋನ ಪರೀಕ್ಷೆ ಮಾಡಿ ನೋಡಿ. ಮೂರು ಗ್ಲಾಸುಗಳಲ್ಲಿ ಎರಡಕ್ಕೆ ಒಂದೇ ವಿಸ್ಕಿ, ಮೂರನೆಯದಕ್ಕೆ ಬೇರೆ. ಬೇರೆಯದು ಯಾವುದೆಂದು ನೀವು ಗುರುತಿಸಬೇಕು. ಬರಿಯ ಊಹೆಯಿಂದ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. 9 ಸುತ್ತಿನಲ್ಲಿ 6 ಅಥವಾ ಹೆಚ್ಚು ಸರಿಯಾದರೆ ನಿಮಗೆ ವ್ಯತ್ಯಾಸ ತಿಳಿಯುತ್ತಿದೆ ಎನ್ನಬಹುದು. ಒಂದೇ ಸಂಜೆ ಎಲ್ಲ ಸುತ್ತು ಮಾಡಬೇಡಿ, ಮೂಗು ದಣಿಯುತ್ತದೆ. ಪ್ರತಿ ಗ್ಲಾಸಿಗೆ ಟೀ ಚಮಚೆಯಷ್ಟು ಸಾಕು. ಬಣ್ಣ ಕಾಣದ ಗ್ಲಾಸುಗಳಿರಲಿ, ಬಗ್ಗಿಸುವವರು ನಿಮ್ಮೆದುರು ನಿಲ್ಲದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಬಾಟಲಿಗಳ ಆಲ್ಕೋಹಾಲ್ ಪ್ರಮಾಣ ಬೇರೆಯಿದ್ದರೆ ನೀರು ಸೇರಿಸಿ ಸಮ ಮಾಡಿಕೊಳ್ಳಿ. ಇಲ್ಲವಾದರೆ ನೀವು ಗುರುತಿಸುವುದು ವಯಸ್ಸನ್ನಲ್ಲ, ಉರಿಯನ್ನು.

ಬಟ್ಟಿ:

ಅಳತೆಗೋಲು ಅವರ ವಿವರಣೆಯನ್ನು ಗೌರವದಿಂದ ಓದಿದೆ. ಆದರೆ ಒಂದು ಭಿನ್ನಾಭಿಪ್ರಾಯವಿದೆ. ಬೆಲೆಯಿಂದ ಬರುವ ಸಂತೋಷವೂ ನಿಜವೆಂದು ಒಪ್ಪಿಕೊಂಡರೂ, ಅದನ್ನು ರುಚಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಸಂತೋಷ ಬೆಲೆಪಟ್ಟಿಯನ್ನು ಬದಲಿಸಿದ ಕೂಡಲೇ ಬದಲಾಗುತ್ತದೆ, ಮತ್ತು ಬೆಲೆಪಟ್ಟಿಯನ್ನು ಬರೆಯುವವರು ಮಾರುವವರು.

ಬೆಲೆ ಬದಲಾಗಲು ದ್ರವ ಬದಲಾಗಬೇಕಾಗಿಲ್ಲ ಎಂಬುದಕ್ಕೆ ಪೋರ್ಟ್ ಎಲೆನ್ ಸಾಕು. ಸ್ಕಾಟ್ಲೆಂಡಿನ ಐಲಾ ದ್ವೀಪದ ಆ ಡಿಸ್ಟಿಲರಿ, ವಿಸ್ಕಿಗೆ ಬೇಡಿಕೆ ಕುಸಿದ ಕಾಲದಲ್ಲಿ, 1983ರಲ್ಲಿ ಮುಚ್ಚಿತು. ಅಲ್ಲಿನ ಮದ್ಯ ಅದುವರೆಗೆ ಬಹುಪಾಲು ಬ್ಲೆಂಡ್‌ಗಳಿಗೆ, ಅಂದರೆ ಹಲವು ವಿಸ್ಕಿಗಳನ್ನು ಬೆರೆಸಿ ಮಾಡುವ ವಿಸ್ಕಿಗಳಿಗೆ, ಹೋಗುತ್ತಿತ್ತು. ಮುಚ್ಚಿದ ನಂತರ ಉಳಿದ ಪೀಪಾಯಿಗಳು ಕರಗುತ್ತ ಹೋದಂತೆ ಅದೇ ಮದ್ಯ ಸಂಗ್ರಾಹಕರ ಕನಸಾಯಿತು. ಜಪಾನಿನಲ್ಲಿ ಹಳೆಯ ದಾಸ್ತಾನು ಸಾಲದೆ 2018ರಲ್ಲಿ ಸಂಟೋರಿ ಸಂಸ್ಥೆ ಹಿಬಿಕಿ 17 ಮತ್ತು ಹಕುಶು 12ರ ಮಾರಾಟವನ್ನು ನಿಲ್ಲಿಸುವುದಾಗಿ ಹೇಳಿದಾಗಲೂ ಹೀಗೆಯೇ ಆಯಿತು. ನಿನ್ನೆ ಕೊಂಡ ಬಾಟಲಿಯ ಬೆಲೆ ಇಂದು ಏರಿತ್ತು, ಒಳಗಿನ ವಿಸ್ಕಿ ನಿನ್ನೆಯದೇ. ಇನ್ನು 1926ರಲ್ಲಿ ಬಟ್ಟಿ ಇಳಿಸಿ, 60 ವರ್ಷ ಪೀಪಾಯಿಯಲ್ಲಿಟ್ಟು, 40 ಬಾಟಲಿ ಮಾತ್ರ ತುಂಬಿದ ಮೆಕಾಲನ್ ಇದೆ. ಅದರ ಒಂದು ಬಾಟಲಿ 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 20 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅಂಥದ್ದನ್ನು ತೆರೆದು ಕುಡಿಯುವವರೇ ವಿರಳ. ರುಚಿಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಬೇರೆ ಮದ್ಯಗಳ ಬಗ್ಗೆ ಕೇಳಿದ್ದೀರಿ. ವೋಡ್ಕಾದಲ್ಲಿ ಬೆಲೆಗೂ ರುಚಿಗೂ ನಂಟು ಅತಿ ತೆಳುವಾದದ್ದು. ಅದನ್ನು ಶೇಕಡಾ 95ರ ಆಸುಪಾಸಿನ ಶುದ್ಧತೆಗೆ ಏರಿಸಿ, ಬಳಿಕ ನೀರು ಬೆರೆಸುತ್ತಾರೆ. ವಿಶಿಷ್ಟವಾದ ಗುಣ, ವಾಸನೆ, ರುಚಿ, ಬಣ್ಣಗಳಿಲ್ಲದ ಮದ್ಯವೆಂದೇ ಅಮೆರಿಕದ ನಿಯಮ ಅದನ್ನು 2020ರವರೆಗೆ ವ್ಯಾಖ್ಯಾನಿಸಿತ್ತು. ತೀರ ಕಳಪೆಯದನ್ನು ಬಿಟ್ಟು ಒಂದು ಮೆಟ್ಟಿಲು ಹತ್ತಿದ ಮೇಲೆ, ಮುಂದಿನ ಹಣವೆಲ್ಲ ಬಹುಮಟ್ಟಿಗೆ ಬಾಟಲಿಯ ಗಾಜಿಗೂ ಜಾಹೀರಾತಿಗೂ ಸಲ್ಲುತ್ತದೆ.

ಟಕೀಲಾದಲ್ಲಿ ಹಾಗಲ್ಲ. ಅದರ ಮೂಲವಾದ ನೀಲಿ ಅಗಾವೆ ಗಿಡ ಬಲಿಯಲು ಆರೇಳು ವರ್ಷ ಬೇಕು. ನಿಯಮದ ಪ್ರಕಾರ ಅಗಾವೆಯ ಸಕ್ಕರೆ ಶೇಕಡಾ 51 ಇದ್ದರೂ ಟಕೀಲಾ ಎನ್ನಬಹುದಾದ್ದರಿಂದ, ಅಗ್ಗದವುಗಳಲ್ಲಿ ಉಳಿದದ್ದು ಬೇರೆ ಸಕ್ಕರೆಯಿಂದ ಬಂದಿರುತ್ತದೆ. ನೂರಕ್ಕೆ ನೂರು ಅಗಾವೆಯದಕ್ಕೆ ಕೊಡುವ ಹೆಚ್ಚಿನ ಹಣ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ, ಮತ್ತು ಅದನ್ನು ಗುರುತಿಸಲು ಯಾವ ತರಬೇತಿಯೂ ಬೇಡ. ಕೋನ್ಯಾಕ್ ಇವೆರಡರ ನಡುವಿನದು. ಅಲ್ಲಿ ಎಕ್ಸ್‌ಒ (ಬಹಳ ಹಳೆಯದು) ಎಂದು ಬರೆಯಲು 2018ರಿಂದ ಕನಿಷ್ಠ 10 ವರ್ಷ ಮಾಗಿಸಬೇಕು, ಮೊದಲು 6 ಸಾಕಾಗಿತ್ತು. ಆದರೆ ಸಕ್ಕರೆ, ಕ್ಯಾರಮೆಲ್, ಓಕ್ ಸಾರವನ್ನು ಸೇರಿಸಲು ಅವಕಾಶವಿರುವುದರಿಂದ, ಹಳತನದ ಮೃದುತ್ವ ಯಾವುದು, ಸೇರಿಸಿದ ಸಿಹಿ ಯಾವುದು ಎಂದು ಬಿಡಿಸುವುದು ಕಷ್ಟ.

ನಿಧಾನಗುಟುಕು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಳತೆಗೋಲು ಅವರು ಹೇಳಿದಂತೆ ಪರೀಕ್ಷೆಯನ್ನು ಮಾಡಿದೆ. ಬಾಟಲಿಗಳನ್ನು ನೋಡಿದಾಗ 12 ವರ್ಷದ್ದು ಶೇಕಡಾ 40, 25 ವರ್ಷದ್ದು ಶೇಕಡಾ 43 ಎಂದು ಕಂಡಿತು. ಇಷ್ಟು ವರ್ಷ ಕುಡಿಯುತ್ತಿದ್ದರೂ ಆ ಅಂಕಿಯನ್ನು ನಾನು ಓದಿರಲಿಲ್ಲ. 25 ವರ್ಷದ್ದರ 30 ಮಿಲಿಲೀಟರಿಗೆ ಎರಡು ಮಿಲಿಲೀಟರಿಗಿಂತ ತುಸು ಹೆಚ್ಚು ನೀರು ಸೇರಿಸಿ ಸಮ ಮಾಡಿದೆವು. ಮೂರು ಸಂಜೆ, ಸಂಜೆಗೆ ಮೂರು ಸುತ್ತು. ತಮ್ಮನ ಮಗ ಪಕ್ಕದ ಕೋಣೆಯಲ್ಲಿ ಬಗ್ಗಿಸಿ, ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಿದ್ದ.

9ರಲ್ಲಿ 7 ಸಲ ಬೇರೆಯದನ್ನು ಸರಿಯಾಗಿ ಗುರುತಿಸಿದೆ. ತಪ್ಪಿದ ಎರಡೂ ಸುತ್ತುಗಳು ಸಂಜೆಯ ಕೊನೆಯವು. ಆದ್ದರಿಂದ ವ್ಯತ್ಯಾಸ ಇದೆ, ಅದು ನನಗೆ ತಿಳಿಯುತ್ತದೆ ಎಂಬುದು ಮನಸ್ಸಿಗೆ ದೊಡ್ಡ ಸಮಾಧಾನ ಕೊಟ್ಟಿತು. ಆಮೇಲೆ, ಪ್ರತಿ ಸುತ್ತಿನಲ್ಲೂ ಯಾವುದು ಹೆಚ್ಚು ಹಿಡಿಸಿತೆಂದು ಬರೆದಿಟ್ಟ ಚೀಟಿಗಳನ್ನು ತೆರೆದೆವು. ಸರಿಯಾಗಿ ಗುರುತಿಸಿದ 7 ಸುತ್ತುಗಳಲ್ಲಿ 5ರಲ್ಲಿ ನಾನು 12 ವರ್ಷದ್ದನ್ನೇ ಮೆಚ್ಚಿದ್ದೆ. ನನ್ನ ಜಾಗದಲ್ಲಿ ಕೂತ ತಮ್ಮನ ಮಗ ಬಹುತೇಕ ಎಲ್ಲ ಸಲವೂ 25 ವರ್ಷದ್ದನ್ನು ಮೆಚ್ಚಿದ.

ಇನ್ನೊಂದು ಸಂಗತಿ ಚೀಟಿಗಳಿಂದ ಹೊರಬಂತು. ಮೂಗಿನ ಬಳಿ ಹಿಡಿದಾಗಲೆಲ್ಲ ನಾನು 25 ವರ್ಷದ್ದನ್ನು ಹೊಗಳಿದ್ದೇನೆ. ಬಾಯಿಗೆ ಬಂದ ಮೇಲೆ ಒಗರು, ಒಣಗು ಎಂದು ಬರೆದಿದ್ದೇನೆ. ಹಾಗಿದ್ದರೆ ಮೊದಲ ದಿನದ ಒಣದ್ರಾಕ್ಷಿ, ಜೇನುಮೇಣ ಕೇವಲ ಬೆಲೆಯ ಮಾಯೆ ಆಗಿರಲಿಲ್ಲ ಎಂದು ಭಾವಿಸಬಹುದೇ? ಒಗರನ್ನು ಕಡಿಮೆ ಮಾಡುವ ದಾರಿ ಏನಾದರೂ ಇದೆಯೇ?

ಪೀಪಾಯಿ:

ಖಂಡಿತವಾಗಿಯೂ ಭಾವಿಸಬಹುದು. ಆ ಪರಿಮಳಗಳು ಗ್ಲಾಸಿನಲ್ಲೇ ಇವೆ, ಮತ್ತು ಅವುಗಳಿಗಾಗಿಯೇ ಅಷ್ಟು ವರ್ಷ ಕಾದದ್ದು. ಒಗರನ್ನು ತೆಗೆಯಲಾಗದು, ಆದರೆ ಪರಿಮಳವನ್ನು ಇನ್ನಷ್ಟು ಹೊರತರಬಹುದು. ಬ್ಲೆಂಡರ್‌ಗಳು ಮೂಗಿನಿಂದ ಪರೀಕ್ಷಿಸುವಾಗ ವಿಸ್ಕಿಯನ್ನು ನೀರಿನಿಂದ ಶೇಕಡಾ 20ರ ಹತ್ತಿರಕ್ಕೆ ಇಳಿಸಿಕೊಳ್ಳುತ್ತಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಲೆಕ್ಕಹಾಕಿ, ವಿಸ್ಕಿಗೆ ಹೊಗೆಯ ಛಾಯೆ ಕೊಡುವ ಗ್ವಾಯಕಾಲ್ ಎಂಬ ಪದಾರ್ಥವು ಆಲ್ಕೋಹಾಲ್ ಶೇಕಡಾ 45ರವರೆಗೆ ಇದ್ದಾಗ ದ್ರವದ ಮೇಲ್ಮೈಯ ಬಳಿ ಸೇರುತ್ತದೆ, ಶೇಕಡಾ 59ಕ್ಕಿಂತ ಹೆಚ್ಚಾದರೆ ಒಳಗೆ ಮುಳುಗುತ್ತದೆ ಎಂದು ತೋರಿಸಿದರು. ಮೇಲ್ಮೈಯಲ್ಲಿದ್ದದ್ದೇ ಮೂಗಿಗೆ ಬೇಗ ತಲುಪುವುದು. ನಿಮ್ಮದು ಈಗಾಗಲೇ 43ರದ್ದು, ಆದರೂ ಬಾಯಿ ಕಿರಿದಾದ ಟ್ಯುಲಿಪ್ ಆಕಾರದ ಗ್ಲಾಸಿನಲ್ಲಿ ಹತ್ತು ನಿಮಿಷ ಬಿಟ್ಟು, ಹನಿಹನಿಯಾಗಿ ನೀರು ಬೆರೆಸುತ್ತ ಒಂದು ಸಂಜೆ ನೋಡಿ.

ಮುಂದೆ ಹಳೆಯ ವಿಸ್ಕಿ ಕೊಳ್ಳುವ ಮನಸ್ಸಾದರೆ, ಲೇಬಲ್ಲಿನಲ್ಲಿ ರೀಫಿಲ್ ಪೀಪಾಯಿ ಎಂದು ಬರೆದದ್ದನ್ನು ಹುಡುಕಿ. ಎರಡು ಮೂರು ಸಲ ಬಳಸಿದ ಮರ ನಿಧಾನವಾಗಿ ಕೊಡುತ್ತದೆ, ಆದ್ದರಿಂದ 20 ದಾಟಿದರೂ ಒಗರು ಏರದೆ ಬಾರ್ಲಿಯ ಗುಣ ಉಳಿದಿರುತ್ತದೆ. ನಿಮ್ಮ 12 ವರ್ಷದ್ದರಲ್ಲಿ ನಿಮಗೆ ಹಿಡಿಸಿದ್ದು ಅದೇ ಗುಣವೆಂದು ನನಗೆ ತೋರುತ್ತದೆ.

ನಿಧಾನಗುಟುಕು:

ನಿನ್ನೆ ಸಂಜೆ ಹಾಗೆಯೇ ಮಾಡಿದೆ. ಆರನೆಯ ಹನಿಯ ಹೊತ್ತಿಗೆ ಒಣದ್ರಾಕ್ಷಿಯ ಹಿಂದೆ ಇನ್ನೊಂದು ಪರಿಮಳ ಎದ್ದಿತು. ಕಿತ್ತಳೆಯ ಒಣಸಿಪ್ಪೆಯೆಂದು ನಾನು, ಹಳೆಯ ಚರ್ಮದ ಚೀಲವೆಂದು ತಮ್ಮನ ಮಗ. ಬಾಯಲ್ಲಿ ಒಗರು ಇದ್ದೇ ಇತ್ತು. ಬಾಟಲಿಯಲ್ಲಿ ಉಳಿದಿರುವುದರ ಬಹುಪಾಲನ್ನು ಅವನಿಗೇ ಕೊಡುವುದೆಂದು ತೀರ್ಮಾನಿಸಿದ್ದೇನೆ. ಗ್ಲಾಸನ್ನು ಮಾತ್ರ ಮೊದಲು ನನ್ನ ಮೂಗಿಗೆ ಹಿಡಿಯಬೇಕೆಂದು ಹೇಳಿದ್ದೇನೆ.